ಮುಂಗುಸಿ ಹೊಲಿದವರು

ಮೊಮ್ಮಗಳು ಇಳಾ ದಾರದ ಉಂಡೆಯನ್ನು ನನ್ನ ಮಡಿಲಿಗೇ ಹಾಕುತ್ತಾಳೆಂದುಕೊಂಡು ನಾನು ಸೆರಗು ಹರಡಿ ಕುಳಿತಿದ್ದೆ. ಆರು ತುಂಬಿದ ಮಕ್ಕಳು ವೇಷದ ದಿನಕ್ಕೆ ಮುಂಚಿನ ಒಂದು ಭಾನುವಾರ ಎಣ್ಣೆನೀರು ಹಾಕಿಸಿಕೊಂಡು ಬಂದು, ತಮ್ಮ ಪ್ರಾಣಿವೇಷ ಯಾರು ಹೊಲಿಯಬೇಕೋ ಅವರ ಮಡಿಲಿಗೆ ದಾರದ ಉಂಡೆ ಹಾಕುವುದು ನಮ್ಮೂರಿನ ಪದ್ಧತಿ. ನಡುಮನೆಯಲ್ಲಿ ಚಾಪೆಯ ಮೇಲೆ ನಾವು ಸಾಲಾಗಿ ಕುಳಿತಿದ್ದೆವು. ಮಗ ಶ್ರೀಪಾದ ಪೇಪರು ಮಡಿಚಿಟ್ಟು ಕುಳಿತಿದ್ದ; ಅವನು ಸೂಜಿ ಹಿಡಿದವನೇ ಅಲ್ಲ. ಸೊಸೆ ರೇವತಿ ಮೊದಲೇ ಮಗಳಿಗೆ ಹೇಳಿಬಿಟ್ಟಿದ್ದಳು, "ನನಗೆ ಕಿತ್ತುಹೋದ ಗುಂಡಿ ಹಾಕೋಕೂ ಬರಲ್ಲ, ನನ್ನ ಹತ್ತಿರ ಮಾತ್ರ ಬರಬೇಡಮ್ಮ" ಎಂದು. ಹಾಗಾಗಿ ಉಳಿದವಳು ನಾನೊಬ್ಬಳೇ ಎಂದು ನನಗೆ ಧೈರ್ಯವಿತ್ತು. ರೇವತಿಯ ತಾಯಿ ನಾಗವೇಣಮ್ಮ ಆ ಬೆಳಿಗ್ಗೆ ಸೇತುವೆಯಾಚೆಯ ತಮ್ಮ ಮನೆಯಿಂದ ಬಂದಿದ್ದರೇನೋ ನಿಜ, ಆದರೆ ಅವರು ಸಾಲಿನಲ್ಲಿ ಕೂರಲೂ ಇಲ್ಲ. ಬಾಗಿಲ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮಡಿಲ ತುಂಬ ಸಿಪ್ಪೆ.

ಇಳಾ ನನ್ನ ಮುಂದೆ ಬಂದು ನಿಂತಳು. ನಕ್ಕಳು. ಆಮೇಲೆ ನನ್ನನ್ನು ಬಳಸಿಕೊಂಡು ಹೋಗಿ, ಉಂಡೆಯನ್ನು ಆ ಅವರೆ ಸಿಪ್ಪೆಯ ಮೇಲೆ ಹಾಕಿದಳು.

"ನನಗೆ ಮುಂಗುಸಿ ಬೇಕು, ವೇಣಜ್ಜಿ."

"ಮುಂಗುಸಿಯಾ? ಎಲ್ಲರೂ ಹುಲಿ, ಆನೆ ಅಂತಾರಲ್ಲೇ!"

"ಹುಲಿ ಎಲ್ಲರ ಹತ್ತಿರಾನೂ ಇರತ್ತೆ. ಮುಂಗುಸಿ."

ನಾಗವೇಣಮ್ಮ ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದು ನನ್ನ ಕಡೆ ನೋಡಿದರು. "ಬೀಗ್ರೇ, ನೀವೇ ಹೊಲೀರಿ. ನಿಮ್ಮ ಕೈಲಿ ಬೆಳೆದ ಮಗು ಇದು. ಏನೋ ಗೊತ್ತಾಗದೆ ಹಾಕಿದಾಳೆ."

ಅವರು ಅಷ್ಟು ಹೇಳಿದ್ದೇ ದೊಡ್ಡದು. ಬೇರೆ ಯಾರಾದರೂ ಆಗಿದ್ದರೆ ಉಂಡೆಯನ್ನು ಎದೆಗವಚಿಕೊಂಡು ಬೀದಿಗೆಲ್ಲ ಸಾರಿ ಬರುತ್ತಿದ್ದರು. ಆ ಕ್ಷಣ ನಾನು ಹೂಂ ಎಂದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ದಾನ ಕೊಟ್ಟಂತೆ ಕೊಟ್ಟದ್ದನ್ನು ತೆಗೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. "ಮಗು ಹಾಕಿದ್ದು ನಿಮ್ಮ ಮಡಿಲಿಗೆ. ಪದ್ಧತಿ ಅಂದಮೇಲೆ ಪದ್ಧತಿ" ಎಂದು ಎದ್ದು ಅಡುಗೆಮನೆಗೆ ಹೋದೆ. ಹಾಲು ಉಕ್ಕುತ್ತಿಲ್ಲದಿದ್ದರೂ ಒಲೆ ಸಣ್ಣ ಮಾಡಿದೆ.

ವೇಷದ ದಿನ ಹೊತ್ತು ಹುಟ್ಟುವಾಗ ಗುಂಡಿ ಹಾಕಿದರೆ, ಹೊತ್ತು ಮುಳುಗುವವರೆಗೆ ಮಗು ಮಗುವಾಗಿ ಕಾಣುವುದು, ಅದರ ಮಾತು ಮಾತಾಗಿ ಕೇಳುವುದು ಹೊಲಿದವರಿಗೆ ಮಾತ್ರ. ಊರಿನ ಉಳಿದವರಿಗೆಲ್ಲ ಅದು ಕರಡಿಮರಿ, ಜಿಂಕೆ, ಮೊಲ; ವೇಷದಲ್ಲಿರುವ ಮಕ್ಕಳು ಮಾತ್ರ ತಮ್ಮತಮ್ಮಲ್ಲಿ ಮಕ್ಕಳೇ. ಆ ದಿನ ಬಸ್ಸಿನ ಕಂಡಕ್ಟರು ಹಿಂದಿನ ಸೀಟುಗಳಿಗೆ ಗೋಣಿ ಹಾಸಿರುತ್ತಾನೆ. ಹೋಟೆಲಿನವರು ಬಾಗಿಲಲ್ಲಿ ಬೋಗುಣಿಯಲ್ಲಿ ನೀರಿಡುತ್ತಾರೆ. ಒಂದನೇ ತರಗತಿಯ ಮೇಷ್ಟ್ರು ಹಾಜರಿ ಪುಸ್ತಕವನ್ನೇ ತೆಗೆಯುವುದಿಲ್ಲ. ಹುಲಿ ಹೊಲಿದವರು ಜನ ಹೆದರದ ಹಾಗೆ ನೋಡಿಕೊಂಡರೆ ಸಾಕು; ಅಳಿಲು ಹೊಲಿದವರಿಗೆ ಮಾತ್ರ ಇಡೀ ದಿನ ನೆಲದ ಮೇಲೇ ಕಣ್ಣು, ಯಾರಾದರೂ ತುಳಿದಾರು ಎಂದು. ಒಂದು ವರ್ಷ ಬಟ್ಟೆ ಅಂಗಡಿಯವರು ತಮ್ಮ ಮೊಮ್ಮಗನಿಗೆ ಎಲ್ಲಿಂದಲೋ ಸಿದ್ಧ ವೇಷ ತರಿಸಿ ಹಾಕಿದರು. ಅದನ್ನು ಹೊಲಿದವರು ಯಾರೋ, ಎಲ್ಲಿದ್ದಾರೋ. ಮನೆಯವರೆಲ್ಲ ಸಂಜೆಯವರೆಗೆ ಹನ್ನೊಂದು ಮೊಲಗಳ ಮುಂದೆ ಕಡಲೆಕಾಯಿ ಇಟ್ಟುಕೊಂಡು ಕುಳಿತಿದ್ದರು, ನಮ್ಮದು ಯಾವುದು ಎಂದು. ಅಂದಿನಿಂದ ಊರಲ್ಲಿ ಯಾರೂ ಕೊಂಡ ವೇಷ ಹಾಕಿಲ್ಲ. ಇಬ್ಬರು ಸೇರಿ ಹೊಲಿದರೆ, ಯಾರ ಹೊಲಿಗೆ ಹೆಚ್ಚೋ ಅವರಿಗೇ ಮಗು ಕಾಣುವುದು. ಡ್ರಾಯಿಂಗ್ ಮೇಷ್ಟ್ರು ಮತ್ತವರ ಹೆಂಡತಿಯ ನಡುವೆ ಇದೇ ವಿಷಯಕ್ಕೆ ಆರು ತಿಂಗಳು ಮಾತು ನಿಂತಿತ್ತು.

ಆ ದಿನ ಪ್ರತಿ ಮಗುವಿಗೂ ಒಮ್ಮೆ ಮಾತ್ರ. ಇಳಾಳ ಆ ದಿನ ನಾನು ಅವಳ ಮುಖ ನೋಡುವುದಿಲ್ಲ, ನಾಗವೇಣಮ್ಮ ನೋಡುತ್ತಾರೆ. ಎರಡು ವರ್ಷದ ಮಗುವಾದಾಗಿನಿಂದ ಅವಳನ್ನು ನೋಡಿಕೊಂಡವಳು ನಾನು. ಗಂಟಲುನೋವಿಗೆ ಬಿಸಿನೀರು ಕೊಟ್ಟವಳು, ಹಲ್ಲು ಅಲುಗಾಡಿದಾಗ ನೂಲು ಕಟ್ಟಿದವಳು, ಅಕ್ಷರ ಕಲಿಸಿದವಳು. ಬಿ.ಎ. ಮಾಡಿ ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಹೇಳಿದ ನನಗೆ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳುವುದೇ ಕಷ್ಟವಾಗಿತ್ತು. ಮಗುವಿಗೆ ಹೊಸಬರ ಮೇಲೆ ಆಸೆ, ಅಷ್ಟೆ ಎಂದುಕೊಳ್ಳುತ್ತಿದ್ದೆ. ಕಿಚ್ಚಿಗೆ ಬೇರೆ ಹೆಸರಿಟ್ಟರೂ ಸುಡುವುದು ಅಷ್ಟೇ ಸುಡುತ್ತದೆ.

ನಾಗವೇಣಮ್ಮ ವಾರಕ್ಕೆ ಮೂರು ದಿನ ಬೆಳಗಿನ ಬಸ್ಸಿಗೆ ಬರುತ್ತಿದ್ದರು, ಎರಡು ಗಂಟೆಯ ಬಸ್ಸಿಗೆ ಹೋಗುತ್ತಿದ್ದರು. ಅಳತೆ ನೋಡಲು ಮಗು ಇಲ್ಲಿದ್ದುದರಿಂದ ವೇಷವೂ ನಮ್ಮ ಮನೆಯಲ್ಲೇ, ಬಿದಿರು ಬುಟ್ಟಿಯಲ್ಲಿ ಇರುತ್ತಿತ್ತು. ಹಳೆಯ ಬೂದು ಕಂಬಳಿಯನ್ನು ಕತ್ತರಿಸಿ ಮೈ ಮಾಡಿದರು. ಅದರ ಮೇಲೆ ಕಪ್ಪು, ಕಂದು, ಬಿಳಿ ಉಣ್ಣೆಯ ಎಳೆಗಳನ್ನು ಒಂದೊಂದಾಗಿ ಕೂರಿಸಿ ರೋಮ ಮಾಡತೊಡಗಿದರು. "ಬೀಗ್ರೇ, ನಿಮ್ಮ ಹತ್ತಿರ ಒಂದು ಬೂದು ಶಾಲು ಇತ್ತಲ್ಲ, ಹರಿದಿದ್ದು? ಬಾಲಕ್ಕೆ ಸರಿಯಾಗ್ತಿತ್ತು" ಎಂದು ಒಮ್ಮೆ ಕೇಳಿದರು. ಶಾಲು ಅವರ ತಲೆಯ ಮೇಲಿನ ಅಟ್ಟದಲ್ಲೇ ಇತ್ತು. "ಅದನ್ನ ಯಾವತ್ತೋ ಕೊಟ್ಟುಬಿಟ್ಟೆ" ಎಂದೆ. ಅವರು ನಂಬಿದರು. ಮುಂದಿನ ಸಲ ಬರುವಾಗ ತಮ್ಮದೇ ಸ್ವೆಟರನ್ನು ಬಿಚ್ಚಿದ ಉಣ್ಣೆ ತಂದರು. ಚಳಿಗಾಲ ಇನ್ನೂ ಮುಗಿದಿರಲಿಲ್ಲ.

ಅವರಿಬ್ಬರು ಕಿಟಕಿಯ ಬಳಿ ಕುಳಿತರೆ ನಗುವೋ ನಗು. ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

"ವೇಣಜ್ಜಿ, ಮುಂಗುಸಿ ಹಾವನ್ನ ಹೆದರಿಸೋದು ಹೇಗೆ?"

"ಹೆದರಿಸಲ್ಲ ಕಣೆ. ತಾನೇ ಹೆದರಿರತ್ತೆ. ಅದಕ್ಕೇ ಮೈ ಕೂದಲೆಲ್ಲ ನೆಟ್ಟಗಾಗೋದು. ಹಾವಿಗೆ ಅದು ಗೊತ್ತಾಗಲ್ಲ, ಅಷ್ಟೆ."

ನಾನು ಮುಂಗುಸಿಯ ಬಗ್ಗೆ ಪುಸ್ತಕದಲ್ಲಿ ಓದಿದ್ದು ಬೇಕಾದಷ್ಟಿತ್ತು. ನನ್ನನ್ನು ಯಾರೂ ಕೇಳಲಿಲ್ಲ.

ಮೊದಲ ಸಲ ಬುಟ್ಟಿ ತೆರೆದದ್ದು ಬರೀ ನೋಡಲೆಂದೇ. ನಾಗವೇಣಮ್ಮ ಬಸ್ಸಿಗೆ ಹೋಗಿದ್ದರು, ಇಳಾ ಮಲಗಿದ್ದಳು. ಕತ್ತಿನ ಪಟ್ಟಿಯ ಒಳಗೆ ಕಂಬಳಿ ಚುಚ್ಚದಂತೆ ತಮ್ಮ ಹಳೆಯ ಹತ್ತಿ ಸೀರೆಯ ಮೆತ್ತನೆ ತುಂಡನ್ನು ಕೂರಿಸಿದ್ದರು. ಗುಂಡಿಗಳನ್ನು ಬೆನ್ನಿಗಲ್ಲ, ಹೊಟ್ಟೆಯ ಕಡೆ ಹಾಕಿದ್ದರು, ಮಗು ತಾನೇ ಬಿಚ್ಚಿಕೊಂಡು ಬಚ್ಚಲಿಗೆ ಹೋಗಿ ಬರುವಂತೆ. ಕೆಳಗಿನ ಎರಡು ಬಿಚ್ಚಿದರೆ ಸಾಕು, ವೇಷ ಮೈಯಿಂದ ಇಳಿಯುವುದಿಲ್ಲ. ಒಳಗಡೆ ಕರ್ಚೀಫಿಗೆಂದು ಒಂದು ಚಿಕ್ಕ ಜೇಬು. ಯಾರ ಕಣ್ಣಿಗೂ ಬೀಳದ ಕಡೆಯಲ್ಲೇ ಆಕೆ ಹೆಚ್ಚು ಕಷ್ಟಪಟ್ಟಿದ್ದರು. ಅದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಮೈ ಉರಿಯಿತು. ಇದನ್ನೆಲ್ಲ ಯೋಚಿಸಬೇಕಾದವಳು ನಾನಲ್ಲವೇ?

ಎಡ ಭುಜದ ಹೊಲಿಗೆ ಸ್ವಲ್ಪ ಸೊಟ್ಟಗಿದೆ ಅನ್ನಿಸಿತು. ಸರಿಮಾಡೋಣ ಎಂದು ಬಿಚ್ಚಿದೆ. ಅವರದೇ ದಾರದ ಉಂಡೆಯಿಂದ ಎಳೆ ತೆಗೆದು, ಅವರ ಸೂಜಿ ಮಾಡಿದ್ದ ತೂತುಗಳಲ್ಲೇ ನನ್ನ ಸೂಜಿ ಹಾಯಿಸಿ ಮತ್ತೆ ಹೊಲಿದೆ. ನಾಗವೇಣಮ್ಮ ಎಡಗೈಯವರು, ಅವರ ಹೊಲಿಗೆ ಆ ಕಡೆಗೆ ವಾಲುತ್ತದೆ. ನಾನು ಸಾಲಿನ ಕೊನೆಯಿಂದ ಹಿಂದಕ್ಕೆ ಹೊಲಿದರೆ ಥೇಟ್ ಹಾಗೇ ಬರುತ್ತಿತ್ತು. ಮಾರನೆಯ ದಿನ ಇನ್ನೊಂದು ಭುಜ. ಆಮೇಲೆ ಬೆನ್ನಿನ ರೋಮ, ಸಾಲು ಸಾಲಾಗಿ. ಅವರು ಬೆಳಿಗ್ಗೆ ಮೂರು ಸಾಲು ಕೂರಿಸಿದರೆ ಮಧ್ಯಾಹ್ನ ನಾನು ಮೂರೂವರೆ ಸಾಲು ನನ್ನದು ಮಾಡಿಕೊಳ್ಳುತ್ತಿದ್ದೆ. ಬಿಚ್ಚಿದ ದಾರದ ತುಣುಕುಗಳನ್ನು ಬಚ್ಚಲೊಲೆಗೆ ಹಾಕುತ್ತಿದ್ದೆ. ಕದಿಯುತ್ತಿದ್ದೇನೆ ಎಂದು ಒಂದು ದಿನವೂ ಅನ್ನಿಸಲಿಲ್ಲ. ನನ್ನದನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ ಎನ್ನಿಸುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಆಕೆ ಎಲ್ಲಿ ದಾರ ಕಡಿಯುತ್ತಾರೆ, ಎಲ್ಲಿ ಬೆರಳು ನೋಯುತ್ತದೆ, ಎಲ್ಲಿ ಮಾತಿಗೆ ಮರೆತು ಒಂದು ಹೊಲಿಗೆ ಉದ್ದ ಮಾಡುತ್ತಾರೆ ಎಲ್ಲ ನನ್ನ ಕೈಗೆ ಗೊತ್ತಾಗಿಬಿಟ್ಟಿತ್ತು. ನನ್ನ ಸ್ವಂತ ತಂಗಿಯನ್ನೂ ನಾನು ಅಷ್ಟು ಬಲ್ಲೆನೋ ಇಲ್ಲವೋ.

ವೇಷದ ದಿನ ಬಂತು. ನಡುಮನೆಯಲ್ಲಿ ಇಳಾಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ನಾಗವೇಣಮ್ಮ ಗುಂಡಿ ಹಾಕಿದರು. ಕೊನೆಯ ಗುಂಡಿ ಹಾಕಿ, ಅವಳನ್ನು ಕೆಳಗಿಳಿಸಿ, ನಗುತ್ತಾ ಮುಖ ನೋಡಲು ಕತ್ತೆತ್ತಿದರು. ಕಣ್ಣು ಇಳಾಳ ಮುಖದಿಂದ ಜಾರಿ, ಅವಳ ಮೊಣಕಾಲಿಗೆ, ಅಲ್ಲಿಂದ ಪಾದದ ಹತ್ತಿರಕ್ಕೆ ಇಳಿದು ನಿಂತಿತು. ಮುಂಗುಸಿ ಇರುವ ಎತ್ತರಕ್ಕೆ.

ನನಗೆ ಮಾತ್ರ ಇಳಾ ಇಳಾಳಾಗಿಯೇ ಕಾಣುತ್ತಿದ್ದಳು. ಬೂದು ಟೋಪಿಯ ಕೆಳಗೆ ದುಂಡು ಮುಖ, ಕಾಡಿಗೆಯಲ್ಲಿ ಬರೆದ ಮೀಸೆ, ಬಿದ್ದ ಹಲ್ಲಿನ ಕಿಂಡಿ. ಗೆದ್ದೆ ಎಂದುಕೊಂಡೆ. ತಕ್ಷಣ ಕ್ಯಾಲೆಂಡರಿನ ಕಡೆ ತಿರುಗಿಕೊಂಡೆ.

"ಅಬ್ಬಾ, ಏನು ಬಾಲ ಇದು!" ಎಂದು ಶ್ರೀಪಾದ ನೆಲ ನೋಡುತ್ತಾ ಎರಡು ಹೆಜ್ಜೆ ಮುಂದೆ ಬಂದ.

"ಅಪ್ಪಾ, ನನ್ನ ಬಾಲ ತುಳೀತಿದೀಯ!" ಎಂದು ಇಳಾ ಕೂಗಿದಳು.

"ಏನಂತಾಳೆ ಅತ್ತೆ?"

ನಾಗವೇಣಮ್ಮನವರ ಕೈ ಸೀರೆಯ ನೆರಿಗೆಯನ್ನು ಹಿಡಿದುಕೊಂಡಿತ್ತು. "ಭಾಳ ಖುಷಿಯಾಗಿದೆಯಂತಪ್ಪ" ಎಂದರು. ಆಮೇಲೆ ಬಗ್ಗಿ, ಅಂದಾಜಿನ ಮೇಲೆ ಕೈ ಚಾಚಿದರು. ಇಳಾ ಆ ಕೈ ಹಿಡಿದುಕೊಂಡಳು.

ಎಣ್ಣೆ ಗಿರಣಿಯ ಹಿಂದಿನ ಬಯಲಿನಲ್ಲಿ ಮಕ್ಕಳೆಲ್ಲ ಸೇರುವುದು ವಾಡಿಕೆ. ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ಬೇರೆ ಮಕ್ಕಳು ನನಗೂ ಪ್ರಾಣಿಗಳೇ. ಒಬ್ಬ ಅಪ್ಪ ತನ್ನ ಜಿಂಕೆಯ ಮೂಗು ಒರೆಸುತ್ತಿದ್ದ. ಇಳಾ ನಾಗವೇಣಮ್ಮನವರ ಕೈ ಹಿಡಿದು ಒಂದೇ ಸಮನೆ ಮಾತಾಡುತ್ತಿದ್ದಳು.

"ವೇಣಜ್ಜಿ, ನನ್ನ ಮೀಸೆ ಅಳಿಸಿದೆಯಾ ನೋಡು."

"ಹೂಂ ಕಂದ, ಬಂದೇಬಿಡ್ತು, ಅದೋ ಬಯಲು."

"ಮೀಸೆ, ವೇಣಜ್ಜಿ!"

"ನೀರು ಬೇಕಾ?"

ಇಳಾ ಮೊದಲು ತಮಾಷೆ ಎಂದುಕೊಂಡು ನಕ್ಕಳು. ಎರಡನೆಯ ಸಲ ನಗಲಿಲ್ಲ. "ನೀನು ನನ್ನ ಮಾತು ಕೇಳಿಸ್ಕೊಳ್ತಾನೇ ಇಲ್ಲ" ಎಂದಳು. ನಾಗವೇಣಮ್ಮ ಅವಳ ಕಾಲಿನ ಕಡೆ ನೋಡಿ ಪ್ರೀತಿಯಿಂದ ತಲೆಯಾಡಿಸಿದರು. ಆ ನಗು ಅವರ ಮುಖದ ಮೇಲೆ ಅಂಟಿಸಿದ ಹಾಗಿತ್ತು. ಮಗುವಿನ ದಿನ ಹಾಳಾಗಬಾರದೆಂದು ಆಕೆ ಒಬ್ಬರೇ ಆ ನಾಟಕ ಆಡುತ್ತಿದ್ದರು. ನನಗೆ ಎಲ್ಲವೂ ಕಾಣುತ್ತಿತ್ತು. ಆದರೂ ಬಾಯಿ ತೆರೆಯಲಿಲ್ಲ. ಮೀಸೆ ಅಳಿಸಿಲ್ಲ ಮಗಳೇ ಎಂದು ಹೇಳಿದರೆ, ಅಷ್ಟಕ್ಕೇ ನಾನು ಮಾಡಿದ್ದೆಲ್ಲ ಹೊರಬೀಳುತ್ತಿತ್ತು.

ಬಯಲಿನಲ್ಲಿ ಗಂಟೆ ಬಾರಿಸಿ ಮಕ್ಕಳನ್ನು ಓಡಲು ಬಿಟ್ಟರು. ಇಳಾ ಕೈ ಬಿಡಿಸಿಕೊಂಡು ಓಡಿದಳು. ಹಂಚಿನ ಅಂಗಡಿಯವರ ಮಗಳೂ ಆ ವರ್ಷ ಮುಂಗುಸಿಯೇ ಆಗಿದ್ದಳು. ಎರಡು ಸುತ್ತು ಹಾಕಿ ಇಳಾ ತಿರುಗಿ ಬರುವಷ್ಟರಲ್ಲಿ ನಾಗವೇಣಮ್ಮ ಆ ಇನ್ನೊಂದು ಮುಂಗುಸಿಯ ಹಿಂದೆ ಸೊಂಟ ಬಗ್ಗಿಸಿಕೊಂಡು ಹೋಗುತ್ತಿದ್ದರು. ಅಂಗೈಯಲ್ಲಿ ಕಡಲೆಪುರಿ. "ಇಳಾ, ಬಾ ಕಂದ, ಓಡಬೇಡ ಬಾ" ಎಂದು ಕರೆಯುತ್ತಿದ್ದರು. ಇಳಾ ಅವರ ಬೆನ್ನ ಹಿಂದೆಯೇ ಕೈ ಚಾಚಿ ನಿಂತಿದ್ದಳು. ಎರಡು ಸಲ ಕರೆದಳು. ಮೂರನೆಯ ಸಲ ಕರೆಯಲಿಲ್ಲ.

ನಾನು ಬೇಲಿಯ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದೆ. ಅವಳು ಬಂದು ನನಗೆ ಒತ್ತಿಕೊಂಡು ಕುಳಿತಳು. ನಾನು ಅವಳ ಕಡೆ ನೋಡಲಿಲ್ಲ. ಮುಂಗುಸಿಯೊಂದು ಪಕ್ಕದಲ್ಲಿ ಬಂದು ಕುಳಿತರೆ ಜನ ಹೇಗೆ ಕೂರುತ್ತಾರೋ ಹಾಗೆ ಕುಳಿತೆ.

"ನಿನಗೆ ಕೇಳಿಸಲ್ಲ ಅಂತ ಗೊತ್ತು ಅಜ್ಜಿ" ಎಂದಳು. "ಆದ್ರೂ ಹೇಳ್ತೀನಿ. ಅವಳ ವೇಷ ನನ್ನದಕ್ಕಿಂತ ಚೆನ್ನಾಗಿದೆ. ಅದಕ್ಕೇ ವೇಣಜ್ಜಿ ಅವಳ ಹಿಂದೆ ಹೋಗಿದ್ದು. ಅವಳು ಮಲಗಿದ್ದಾಗ ಹೋಗಿ ಅವಳ ಬಾಲದ ದಾರ ಎಲ್ಲಾ ಕಿತ್ತುಹಾಕ್ತೀನಿ. ಯಾರಿಗೂ ಹೇಳಲ್ಲ."

ಅವಳ ದನಿಯಲ್ಲಿ ಅಳು ಇರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ತಿಂಗಳು ಪ್ರತಿ ಮಧ್ಯಾಹ್ನ ನನ್ನ ತಲೆಯೊಳಗೆ ಕೇಳಿದ ದನಿ ಅದು. ಈಗ ಆರು ವರ್ಷದ ಮಗುವಿನ ಬಾಯಲ್ಲಿ ಬರುತ್ತಿತ್ತು.

ನಾನು ಅವಳ ಕೈ ಹಿಡಿದು ಎದ್ದೆ. ಬಯಲಿನ ನಡುವೆ ಹೋಗಿ, "ನಾಗವೇಣಮ್ಮನವರೇ, ಅದು ಇಳಾ ಅಲ್ಲ. ಇಳಾ ಇಲ್ಲಿದ್ದಾಳೆ" ಎಂದೆ.

ಅವರು ಸೊಂಟ ನೆಟ್ಟಗೆ ಮಾಡಿಕೊಂಡು ತಿರುಗಿದರು. ನನ್ನ ಕೈಯನ್ನು ನೋಡಿದರು, ಕೆಳಗೆ ನೋಡಿದರು. "ನಿಮಗೆ ಹ್ಯಾಗೆ ಗೊತ್ತು?"

"ನನಗೆ ಕಾಣ್ತಾಳೆ. ಬಿಚ್ಚಿ ಹೊಲಿದೆ ನಾನು. ನೀವು ಇಲ್ಲದಾಗ, ದಿನಾ ಮಧ್ಯಾಹ್ನ."

"ಯಾವುದನ್ನ?"

"ಹೆಚ್ಚುಕಡಿಮೆ ಎಲ್ಲಾನೂ."

ಅವರ ಅಂಗೈಯಿಂದ ಪುರಿ ಒಂದೊಂದೇ ಉದುರಿತು. "ಬೆಳಗ್ಗೆಯಿಂದ ನನ್ನ ಕೈಯೇ ಸೋತೋಯ್ತು ಅಂದ್ಕೊಂಡಿದ್ದೆ" ಎಂದರು. "ಹೊಲಿಗೆ ಕಚ್ಚಲಿಲ್ಲ, ವಯಸ್ಸಾಯ್ತು, ಮಗು ಮುಂದೆ ಮರ್ಯಾದೆ ಹೋಯ್ತು ಅಂತ. ಅವತ್ತೇ ಕೊಟ್ಟೆನಲ್ಲ ನಿಮಗೆ? ಬೇಡ ಅಂದಿರಿ. ಆಮೇಲಾದರೂ ಒಂದು ಮಾತು ಕೇಳೋಕೆ ನಿಮ್ಮ ಬಾಯಿ ಬಿದ್ದೋಗಿತ್ತಾ? ಓದಿದವರು ನೀವು!"

ಇಳಾ ನನ್ನ ಸೀರೆ ಜಗ್ಗಿದಳು. "ಅಜ್ಜಿ, ನಿನಗೆ ನಾನು ಕಾಣ್ತಿದ್ನಾ?"

"ಬೆಳಗ್ಗೆಯಿಂದ."

"ಮತ್ತೆ ಯಾಕೆ ಮಾತಾಡಲಿಲ್ಲ?"

ಅಷ್ಟು ಕಷ್ಟಪಟ್ಟು ಸಂಪಾದಿಸಿದ ದಿನದಲ್ಲಿ ನಾನು ಮಗುವಿನ ಜೊತೆ ಒಂದು ಮಾತೂ ಆಡಿರಲಿಲ್ಲ.

ವೇಷ ಕಳಚುವ ಹಾಗಿರಲಿಲ್ಲ. ಹೊತ್ತು ಮುಳುಗುವ ಮೊದಲು ಕಳಚಿದರೆ ಅಲ್ಲಿಗೇ ಆ ಮಗುವಿನ ದಿನ ಮುಗಿದಂತೆ. ಮೈಮೇಲಿರುವ ಬಟ್ಟೆಗೆ ಸೂಜಿ ಹಾಕಲು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಆದರೆ ಬಿಚ್ಚಬಾರದು ಎಂದು ಯಾರೂ ಹೇಳಿಲ್ಲ. ನಾನು ತಲೆಯಿಂದ ಹೇರ್‌ಪಿನ್ ತೆಗೆದು ನೆಲದ ಮೇಲೆ ಕುಳಿತೆ, ಇಳಾಳನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡೆ.

"ಏನು ಮಾಡ್ತೀರಿ?" ಎಂದರು ನಾಗವೇಣಮ್ಮ.

"ನನ್ನ ಹೊಲಿಗೆ ನಿಮ್ಮದಕ್ಕಿಂತ ಕಮ್ಮಿ ಆಗೋವರೆಗೂ ಬಿಚ್ತೀನಿ."

"ಎಷ್ಟು ಹೆಚ್ಚಿದೆ?"

"ಗೊತ್ತಿಲ್ಲ."

ಅವರು ಎದುರಿಗೆ ಕುಳಿತು, ರವಿಕೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದರು. ನಾನು ಹೊಲಿಗೆ ಬಿಚ್ಚಿ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಅವರು ತಡವಿ ಪಿನ್ನು ಹಾಕುತ್ತಾ ಬಂದರು. ಅವರ ಕೋಪ ಇಳಿದಿರಲಿಲ್ಲ. ಪಿನ್ನು ಚುಚ್ಚುವಾಗ ಮೂಗಿನಿಂದ ಜೋರಾಗಿ ಉಸಿರು ಬಿಡುತ್ತಿದ್ದರು. ಆದರೂ ಪ್ರತಿ ಸಲ ಪಿನ್ನಿನ ಮೊನೆ ಮಗುವಿಗೆ ತಾಕದಂತೆ ತಮ್ಮ ಬೆರಳನ್ನು ಕೆಳಗೆ ಅಡ್ಡ ಇಟ್ಟೇ ಚುಚ್ಚುತ್ತಿದ್ದರು. ಕಾಣದ ಮಗುವಿಗಾಗಿ.

ಬೆನ್ನಿನ ರೋಮ ಸಾಲು ಸಾಲಾಗಿ ಕಳಚಿ ನನ್ನ ತೊಡೆಯ ಮೇಲೆ ಬಿತ್ತು. ಬಾಲದ ಬುಡ ಸಡಿಲವಾಯಿತು. ಇಳಾ ಕತ್ತು ಹೊರಳಿಸಿ ನನ್ನನ್ನೇ ನೋಡುತ್ತಾ ಮಾತಾಡುತ್ತಿದ್ದಳು. ಈಗ ನಾನೂ ಮಾತಾಡಿದೆ. ಮೀಸೆ ಸರಿಯಾಗಿದೆ ಎಂದೆ. ನಿನ್ನ ಬಾಲವೇ ಚೆನ್ನಾಗಿರುವುದು, ಹಂಚಿನ ಅಂಗಡಿಯವರು ಹೊಲಿದದ್ದು ಗೋಣಿನಾರಿನಿಂದಂತೆ, ಹತ್ತಿರದಿಂದ ನೋಡು ಎಂದೆ. ಅವಳು ಕಿಸಕ್ಕನೆ ನಕ್ಕಳು. ಪ್ರತಿ ಹೊಲಿಗೆ ಬಿಚ್ಚುವಾಗಲೂ ಇದೇ ಕೊನೆಯದೇನೋ ಎಂದು ಆ ಮುಖವನ್ನು ನೋಡುತ್ತಿದ್ದೆ, ಕಿಂಡಿ ಹಲ್ಲನ್ನು, ಮೂಗಿನ ತುದಿಯ ಬೆವರನ್ನು. ಕೈ ನಿಲ್ಲಿಸಿಬಿಡೋಣ, ಇಷ್ಟು ಬಿಚ್ಚಿದ್ದು ಸಾಕು, ಇನ್ನೂ ಯಾಕೋ ಕಾಣುತ್ತಿಲ್ಲ ಎಂದು ಹೇಳಿಬಿಡೋಣ ಎಂದು ಮನಸ್ಸು ಎರಡು ಸಲ ಹೇಳಿತು. ಅದನ್ನೂ ಬರೆಯದಿದ್ದರೆ ಇದು ಸುಳ್ಳು ಕಥೆಯಾಗುತ್ತದೆ.

"ಅಜ್ಜಿ, ನಾಳೆ ನೀನು ನನಗೆ—" ಎಂದು ಇಳಾ ತೊಡೆಯ ಮೇಲೆ ಎದ್ದು ಕುಳಿತಳು. ನಾನು ಹೇರ್‌ಪಿನ್ನಿನಿಂದ ಒಂದು ಎಳೆ ಎತ್ತಿದೆ. ತೊಡೆಯ ಭಾರ ಹಗುರಾಯಿತು. ನನ್ನ ಮಡಿಲಲ್ಲಿ ಒಂದು ಮುಂಗುಸಿ ಕುಳಿತಿತ್ತು. ಕೆಂಪು ಕಣ್ಣು, ಕೆದರಿದ ಮೈ. ಕಿಚ್ ಕಿಚ್ ಎಂದಿತು.

"ಅಯ್ಯೋ ನನ್ನ ಬಂಗಾರ!" ಎಂದರು ನಾಗವೇಣಮ್ಮ, ನನ್ನ ತಲೆಯ ಮಟ್ಟಕ್ಕೆ ನೋಡುತ್ತಾ, ಅಲ್ಲಿರುವ ಒಂದು ಮುಖವನ್ನು ನೋಡುತ್ತಾ. "ಬಂದೇನೇ! ಮೀಸೆಯೆಲ್ಲ ಮೆತ್ತಿಕೊಂಡು ಏನಾಗಿದೀಯೆ!"

ಮುಂಗುಸಿ ನನ್ನ ಕಡೆ ತಿರುಗಿ ಮತ್ತೆ ಏನೋ ಸದ್ದು ಮಾಡಿತು, ಉದ್ದಕ್ಕೆ. ನನ್ನ ಮುಂಗೈ ಮೇಲೆ ಪಂಜ ಇಟ್ಟಿತು. ನಾಗವೇಣಮ್ಮ ಕೇಳಿಸಿಕೊಂಡು ಬಾಯಿಗೆ ಸೆರಗು ಅಡ್ಡ ಹಿಡಿದರು. ಹೇಳಲಿ ಎಂದು ಕಾದೆ. ಅವರು ಹೇಳಲಿಲ್ಲ. ನಾನು ಕೇಳಲಿ ಎಂದು ಅವರು ಕಾಯುತ್ತಿದ್ದಾರೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಏನಂತಾಳೆ ಬೀಗ್ರೇ? ಸ್ವಲ್ಪ ಹೇಳಿ" ಎಂದೆ.

"ಸಾಕಂತೆ, ನಿಲ್ಲಿಸಬೇಕಂತೆ. ಇನ್ನೊಂದು ದಾರ ಕಿತ್ತರೆ ಚಡ್ಡಿ ಕಾಣತ್ತಂತೆ."

ನಾವಿಬ್ಬರೂ ನಕ್ಕೆವು. ಮುಂಗುಸಿ ನನ್ನ ಮಡಿಲಿನಿಂದ ಇಳಿದು, ಮೈತುಂಬ ಪಿನ್ನು ಹೊಳೆಸುತ್ತಾ ನಾಗವೇಣಮ್ಮನವರ ಕೈಯ ಕಡೆ ಓಡಿತು. ಅವರು ಅದನ್ನು ಕರೆದುಕೊಂಡು ಉಳಿದ ಮಕ್ಕಳತ್ತ ಹೊರಟರು, ತಲೆ ವಾಲಿಸಿ ಅದರ ಮಾತು ಕೇಳಿಸಿಕೊಳ್ಳುತ್ತಾ. ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ. ನಾನು ಸೀರೆಗಂಟಿದ್ದ ಉಣ್ಣೆಯನ್ನು ಕೊಡವಿಕೊಂಡು ಅವರ ಹಿಂದೆ ಹೋದೆ, ಹತ್ತು ಹೆಜ್ಜೆ ಬಿಟ್ಟಲ್ಲ, ಪಕ್ಕದಲ್ಲಿ. ಐದು ನಿಮಿಷಕ್ಕೊಮ್ಮೆ ಏನಂತಾಳೆ, ಏನಂತಾಳೆ ಎಂದು ಕೇಳುತ್ತಾ ಸಂಜೆಯವರೆಗೂ ಆಕೆಯ ಪ್ರಾಣ ತಿಂದೆ.